ದಿಬ್ಬದ ಹೊಲದ ನಕ್ಷೆ

ಫೆಬ್ರವರಿ ೩, ಸೋಮವಾರ

ಬೆಳಗ್ಗೆ ಚಿಕ್ಕಪ್ಪ ಬಂದು ತೀರ್ಪು ಕೊಟ್ಟು ಹೋದರು. ಸರ್ವೆ ಕೆಲಸದಿಂದ ನಿವೃತ್ತರಾಗಿ ಎಷ್ಟೋ ಕಾಲವಾಯಿತು, ಆದರೂ ಮಾತಾಡುವಾಗ ಅವರ ಬೆರಳುಗಳು ಇಲ್ಲದ ಸರಪಳಿ ಎಳೆಯುತ್ತಲೇ ಇರುತ್ತವೆ. ಅಪ್ಪ ಹೋಗಿ ವರ್ಷ ತುಂಬಿತು, ಇನ್ನು ಜಮೀನು ಪಾಲಾಗಬೇಕು ಎಂದರು. ಹೊಳೆಯಿಂದ ದಿಬ್ಬದವರೆಗೆ ಒಂದೇ ತುಂಡು. ಮನೆ ಇರುವ ಹೊಳೆಬದಿಯ ಕಡೆ ನನಗೆ, ದಿಬ್ಬದ ಕಡೆ ತಮ್ಮನಿಗೆ. ನಡುವಿನ ಗೆರೆ ಎಲ್ಲಿ ಬೀಳಬೇಕು ಎನ್ನುವುದಷ್ಟೇ ಪ್ರಶ್ನೆ.

"ದಿಬ್ಬ ಬಡಕಲು ಅಂತ ಎಲ್ಲರೂ ಅಂತಾರೆ. ಎಷ್ಟು ಬಡಕಲು? ಒಬ್ಬರಿಗೂ ಗೊತ್ತಿಲ್ಲ," ಎಂದರು. "ನೆಲ ಅಳೆದು ಸಮ ಮಾಡೋದು ಬೇಡ, ಬೆಳೆ ಅಳೆದು ಸಮ ಮಾಡೋಣ. ನಿಮ್ಮ ಹಾರ್ವೆಸ್ಟರ್ ಹೊಟ್ಟೇಲಿ ಎಲ್ಲ ಕೂತಿದೆಯಲ್ಲ, ಅದನ್ನ ಕಂಪ್ಯೂಟರ್‌ಗೆ ಹಾಕು. ಅದು ಎಲ್ಲಿ ಗೆರೆ ಹಾಕುತ್ತೋ ಅಲ್ಲಿಗೆ ಕಲ್ಲು ನೆಡೋಣ. ಮಶೀನು ಯಾರ ಮುಲಾಜಿಗೂ ಬೀಳಲ್ಲ."

ತಮ್ಮ ತಲೆಯಾಡಿಸಿದ. ಅವನು ಕೆಲಸ ಮಾಡುತ್ತಿದ್ದ ಪ್ರಿಂಟಿಂಗ್ ಪ್ರೆಸ್ ಮುಚ್ಚಿ ಹೋದ ಮೇಲೆ ಹೆಂಡತಿಯನ್ನು ಕರೆದುಕೊಂಡು ಇಲ್ಲಿಗೇ ಬಂದಿರುವ ಅವನಿಗೆ ದಿಢೀರನೆ ಮಣ್ಣಿನ ಮೇಲೆ ಪ್ರೀತಿ ಹುಟ್ಟಿದೆ. ನಾನು ಇಷ್ಟು ವರ್ಷ ಅಪ್ಪನ ಜೊತೆ ಕೆಸರಲ್ಲಿ ಹೂತುಕೊಂಡಿದ್ದಾಗ ಈ ಪ್ರೀತಿ ಎಲ್ಲಿತ್ತೋ. ಅಪ್ಪನನ್ನು ಎತ್ತಿ ಕೂರಿಸಿ, ಮಲಗಿಸಿ, ಬಾಯಿ ಒರೆಸಿದವಳು ನಾನು. ಕೊನೆಯ ದಿನ ಕಣ್ಣು ಬಿಟ್ಟು ಕೇಳಿದ್ದು ಮಾತ್ರ "ತಮ್ಮ ಬಂದನಾ" ಅಂತ.

ಇರಲಿ. ಹಾಕುತ್ತೇನೆ ಎಂದೆ. ಅಂಕಿಯಲ್ಲಿ ಒಂದು ಸುಳ್ಳು ಬಿದ್ದರೂ ಅಪ್ಪ ಮೇಲಿಂದ ಇಳಿದು ಬಂದು ಕಿವಿ ಹಿಂಡುತ್ತಾರೆ.

ಫೆಬ್ರವರಿ ೬, ಗುರುವಾರ

ಸಾಫ್ಟ್‌ವೇರ್ ಕಂಪನಿಯ ಟ್ರೈನರಮ್ಮ ಬಂದಿದ್ದರು. ನನ್ನದೇ ವಯಸ್ಸು, ಕತ್ತರಿಸಿದ ಕೂದಲು, ಬೂಟಿನ ತುಂಬ ಬೇರೆ ಯಾರದೋ ಹೊಲದ ಮಣ್ಣು. ಅಪ್ಪನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತೆವು.

ಹಾರ್ವೆಸ್ಟರ್ ಕಟಾವು ಮಾಡುತ್ತಾ ಹೋದಂತೆ ಎಲ್ಲಿ ಎಷ್ಟು ಕಾಳು ಬಂತೆಂದು ಬರೆದುಕೊಳ್ಳುತ್ತದೆ. ಒಂದೊಂದು ಜಾಗಕ್ಕೆ ಒಂದೊಂದು ಚುಕ್ಕೆ. ಅದನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ತಂದು ಒಳಗೆ ಸುರಿದರೆ ಸಾಫ್ಟ್‌ವೇರ್ ನಕ್ಷೆ ಮಾಡಿಕೊಡುತ್ತದೆ: ಚೆನ್ನಾಗಿ ಬೆಳೆದಲ್ಲಿ ಹಸಿರು, ಸೊರಗಿದಲ್ಲಿ ಕೆಂಪು. ಕೇಳಲು ಸಲೀಸು. ಮೊದಲ ಸಲ ಸುರಿದಾಗ ನಮ್ಮ ಜಮೀನು ಸಮುದ್ರದ ನಡುವೆ ತೇಲುತ್ತಿತ್ತು. ಅಕ್ಷಾಂಶದ ಸಾಲು ರೇಖಾಂಶದ ಜಾಗದಲ್ಲಿ ಕೂತುಬಿಟ್ಟಿತ್ತಂತೆ. ತಮ್ಮ ಬಾಗಿಲಲ್ಲಿ ನಿಂತು, "ಅಕ್ಕ, ಮೀನು ಸಾಕೋಣ ಬಿಡು," ಎಂದ. ಟ್ರೈನರಮ್ಮ ನಕ್ಕರು. ನನಗೆ ನಗು ಬರಲಿಲ್ಲ.

ಹೊರಡುವಾಗ ಟ್ರೈನರಮ್ಮ ಹೇಳಿದ್ದು: "ಹಾರ್ವೆಸ್ಟರ್ ತಿರುಗೋ ಕಡೆ, ನಿಂತ ಕಡೆ ತಪ್ಪು ಚುಕ್ಕೆ ಬಿದ್ದಿರುತ್ತೆ. ಅದನ್ನ ತೆಗೆದು ಡೇಟಾ ಸ್ವಚ್ಛ ಮಾಡಬೇಕು. ಸ್ವಚ್ಛ ಮಾಡೋದು ಅಂದ್ರೆ ತಪ್ಪಾಗಿರೋದನ್ನ ತೆಗೆಯೋದು ಮೇಡಂ, ನಮಗೆ ಬೇಡದ್ದನ್ನ ಅಲ್ಲ. ತುಂಬಾ ಜನ ಅಲ್ಲೇ ಎಡವೋದು."

ನನಗೆ ಹೇಳುವ ಮಾತೇ ಇದು? ನನ್ನನ್ನು ಏನೆಂದುಕೊಂಡಿದ್ದಾರೆ.

ಫೆಬ್ರವರಿ ೧೦, ಸೋಮವಾರ

ಜಮೀನಿನ ಗಡಿಯನ್ನು ಉಪಗ್ರಹದ ಚಿತ್ರ ನೋಡಿ ಎಳೆದರೂ ನಡೆಯುತ್ತಿತ್ತು. ಆದರೆ ಹೊಳೆಯ ಅಂಚಿನಲ್ಲಿ ಮರದ ನೆರಳು ಬಿದ್ದು ಗಡಿ ತಪ್ಪಾಗಿ ಕಾಣುತ್ತಿತ್ತು. ಫೋನ್ ಹಿಡಿದು ಸುತ್ತಲೂ ನಡೆದು ಗಡಿ ಗುರುತಿಸಿ ಬಂದೆ. ನೆರಳಿನ ಲೆಕ್ಕದಲ್ಲಿ ನನಗೆ ಲಾಭವಾಗುತ್ತಿತ್ತು, ಅದು ಬೇರೆ ಮಾತು. ಕಾಲಲ್ಲಿ ಬೊಬ್ಬೆ ಎದ್ದಿದೆ.

ತಮ್ಮ ಬಿಸಿನೀರು ತಂದಿಟ್ಟ. ಜೊತೆಗೆ ಬರಬಹುದಿತ್ತಲ್ಲ, ನೀರು ಕಾಯಿಸುವ ಬದಲು.

ಫೆಬ್ರವರಿ ೧೫, ಶನಿವಾರ

ನಾಲ್ಕು ಬೆಳೆಗಳ ಲೆಕ್ಕವೂ ಒಳಗೆ ಬಂತು. ತಿರುವಿನ ಚುಕ್ಕೆಗಳನ್ನು ತೆಗೆದೆ, ನಿಂತ ಜಾಗದವನ್ನು ತೆಗೆದೆ. ಟ್ರೈನರಮ್ಮ ಹೇಳಿದಂತೆಯೇ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಆಮೇಲೆ, ಸುಮ್ಮನೆ ನೋಡೋಣ ಎಂದು, ಸಮಪಾಲಿನ ಗೆರೆ ಹಾಕಲು ಹೇಳಿದೆ.

ಗೆರೆ ಹೊಳೆಬದಿ ಮುಗಿದು ನಡುಹೊಲ ಶುರುವಾಗುವಲ್ಲಿ ಬಿತ್ತು. ದಿಬ್ಬ ಎಷ್ಟು ಬಡಕಲೋ ಅವನಿಗೆ ಅಷ್ಟು ಹೆಚ್ಚು ನೆಲ. ಅಂದರೆ ನಡುಹೊಲ ಪೂರ್ತಿ ಅವನಿಗೆ.

ನಡುಹೊಲದಲ್ಲಿ ನೀರು ನಿಂತು ಜೊಂಡು ಬೆಳೆಯುತ್ತಿತ್ತು. ಅಪ್ಪನೂ ನಾನೂ ಬೇಸಿಗೆ ಬೇಸಿಗೆ ಬಸಿಗಾಲುವೆ ತೋಡಿ ತೋಡಿ ಅದನ್ನು ಹೊಲ ಮಾಡಿದೆವು. ನನ್ನ ಬಲಭುಜ ಈಗಲೂ ಮೇಲೆತ್ತಿದರೆ ಕಟಕ್ ಎನ್ನುತ್ತದೆ. ಅವನು ಆಗ ಪೇಟೆಯಲ್ಲಿ ಮದುವೆ ಪತ್ರಿಕೆ ಅಚ್ಚು ಹಾಕುತ್ತಿದ್ದ. ಕಾಲುವೆಯ ಲೆಕ್ಕ ಹಾರ್ವೆಸ್ಟರ್‌ಗೆ ಎಲ್ಲಿಂದ ಗೊತ್ತಾಗಬೇಕು? ಅದು ಬಂದದ್ದು ಎಲ್ಲ ಮುಗಿದ ಮೇಲೆ.

"ಬಂತಾ ಅಕ್ಕ?" ಎಂದು ಅಡುಗೆಮನೆಯಿಂದ ಕೂಗಿದ.

"ಇನ್ನೂ ಇಲ್ಲ," ಎಂದೆ. ಇನ್ನೂ ಪೂರ್ತಿ ಸ್ವಚ್ಛವಾಗದ ಲೆಕ್ಕವನ್ನು ತೋರಿಸುವುದು ಸರಿಯಲ್ಲ.

ಫೆಬ್ರವರಿ ೧೬

ಏನೂ ಬರೆಯಲು ಮನಸ್ಸಿಲ್ಲ.

ಫೆಬ್ರವರಿ ೧೯, ಬುಧವಾರ

ಯೋಚಿಸಿ ನೋಡಿದರೆ ಲೆಕ್ಕದಲ್ಲಿ ನಿಜವಾಗಿಯೂ ಒಂದು ದೋಷವಿದೆ. ದಿಬ್ಬಕ್ಕೆ ಒಂದು ವರ್ಷ ಆಲಿಕಲ್ಲು ಬಿದ್ದು ತೆನೆಯೆಲ್ಲ ಉದುರಿಹೋಗಿತ್ತು. ಅದು ದಿಬ್ಬದ ತಪ್ಪಲ್ಲ, ಆಕಾಶದ ತಪ್ಪು. ಆ ಒಂದು ವರ್ಷ ದಿಬ್ಬದ ಹೆಸರು ಕೆಡಿಸುತ್ತಿದೆ. 'ಅಸಹಜ ವರ್ಷ' ಎಂದು ಗುರುತು ಹಾಕಿ ಹೊರಗಿಡುವ ಸೌಲಭ್ಯ ಸಾಫ್ಟ್‌ವೇರ್‌ನಲ್ಲೇ ಇದೆ. ಇಟ್ಟೆ.

ಹೊಳೆಬದಿಗೂ ಒಂದು ವರ್ಷ ನೆರೆ ನುಗ್ಗಿ ಅರ್ಧ ಬೆಳೆ ಕೊಳೆತಿತ್ತು. ಅದನ್ನು ಹಾಗೇ ಬಿಟ್ಟಿದ್ದೇನೆ. ಹೊಳೆ ಇದ್ದಮೇಲೆ ನೆರೆ ಬಂದೇ ಬರುತ್ತದೆ. ಅದು ಆ ನೆಲದ ಗುಣ, ಅದರಲ್ಲಿ ಅಸಹಜವೇನಿದೆ?

ಗೆರೆ ನಡುಹೊಲದೊಳಗೆ ಸ್ವಲ್ಪ ಸರಿಯಿತು.

ಫೆಬ್ರವರಿ ೨೨, ಶನಿವಾರ

ತಮ್ಮ ಪೇಟೆಯಿಂದ ಒಂದು ದಿಂಬು ತಂದಿದ್ದಾನೆ, ಬೆನ್ನಿಗೆ ಇಟ್ಟುಕೊಳ್ಳಲು. "ದಿನವಿಡೀ ಆ ಮರದ ಕುರ್ಚೀಲಿ ಕೂತು ಬೆನ್ನು ಏನಾಗಬೇಕು ನಿಂದು?" ಎಂದ. ಗೆರೆ ಬೇಗ ಬೀಳಲಿ ಎಂಬ ಆತುರ ಅವನಿಗೆ. ದಿಂಬು ಮೆತ್ತಗಿದೆ.

ಇವತ್ತು ತೂಕ ಸರಿಹೊಂದಿಸುವ ಕೆಲಸ. ಹಾರ್ವೆಸ್ಟರ್ ಹೇಳುವ ತೂಕಕ್ಕೂ ಲಾರಿ ತೂಗಿದ ಚೀಟಿಗೂ ತಾಳೆಯಾಗಬೇಕು. ಆದರೆ ಚೀಟಿಯಲ್ಲಿ ಲಾರಿಯ ತೂಕವಿದೆಯೇ ಹೊರತು ಕಾಳು ಯಾವ ಹೊಲದ್ದು ಎಂದಿಲ್ಲ. ತಮ್ಮ ಪಕ್ಕದಲ್ಲಿ ಕೂತು ಒಂದೊಂದೇ ಚೀಟಿ ಓದಿ ಹೇಳಿದ, ನಾನು ನೆನಪಿದ್ದಷ್ಟು ಹೊಲದ ಹೆಸರು ಹಾಕಿದೆ. ನೆನಪಿಲ್ಲದ್ದಕ್ಕೆ ದಿಬ್ಬ ಎಂದು ಹಾಕಿದೆ. ಯಾವುದಾದರೂ ಒಂದನ್ನು ಹಾಕಲೇಬೇಕಲ್ಲ.

"ನಿನಗೆ ಇಷ್ಟೆಲ್ಲ ಹೇಗೆ ನೆನಪಿರುತ್ತೆ ಅಕ್ಕ?" ಎಂದ.

"ಇಲ್ಲೇ ಇದ್ದವರಿಗೆ ನೆನಪಿರುತ್ತೆ," ಎಂದೆ. ಅವನು ಮುಂದಿನ ಚೀಟಿ ಎತ್ತಿಕೊಂಡ.

ಫೆಬ್ರವರಿ ೨೭, ಗುರುವಾರ

ಹೊಳೆಬದಿಯಲ್ಲಿ ಕೆಲವು ಚುಕ್ಕೆಗಳು ಅತಿಯಾಯಿತು ಎನ್ನುವಷ್ಟು ಹಸಿರು. ಅಷ್ಟು ಬೆಳೆ ಯಾವ ನೆಲದಲ್ಲೂ ಬರುವುದಿಲ್ಲ. ಸೆನ್ಸರ್‌ಗೆ ದೂಳು ಹಿಡಿದಿರಬೇಕು. ಅವನ್ನು ತೆಗೆದು ಸರಿಪಡಿಸಿದೆ.

ಮಾರ್ಚ್ ೧, ಶನಿವಾರ

ಇನ್ನಷ್ಟು ಸರಿಪಡಿಸಿದೆ.

ಮಾರ್ಚ್ ೪, ಮಂಗಳವಾರ

ಕೆಲಸ ಮುಗಿಯಿತು. ಗೆರೆ ನಡುಹೊಲ ದಾಟಿ ದಿಬ್ಬದ ಬುಡಕ್ಕೆ ಹೋಗಿ ನಿಂತಿದೆ. ದಿಬ್ಬವೇ ವಿಸ್ತಾರದಲ್ಲಿ ದೊಡ್ಡದು, ಅವನಿಗೆ ನೆಲ ಏನೂ ಕಡಿಮೆ ಬೀಳುವುದಿಲ್ಲ. ನಕ್ಷೆ ನೋಡಲು ಚೆನ್ನಾಗಿದೆ. ದಿಬ್ಬದ ನೆತ್ತಿಯಲ್ಲೂ ಹಸಿರು.

ಸಂಜೆ ಎಲ್ಲರನ್ನೂ ಕರೆದು ತೋರಿಸಿದೆ. ಚಿಕ್ಕಪ್ಪ ಕನ್ನಡಕ ಹಣೆಗೇರಿಸಿ ಪರದೆಗೆ ಮೂಗು ತಾಗುವಷ್ಟು ಬಾಗಿ ನೋಡಿದರು. "ಅರೆ, ದಿಬ್ಬ ಇಷ್ಟು ಬೆಳೆಯುತ್ತಾ? ನಾನು ಹುಟ್ಟಿದಾಗಿನಿಂದ ನೋಡ್ತಿದೀನಿ, ಗೊತ್ತೇ ಇರಲಿಲ್ಲ."

ತಮ್ಮನೂ ಅದನ್ನೇ ಕೇಳಿದ. "ನಾವು ಚಿಕ್ಕವರಿದ್ದಾಗ ಅಲ್ಲಿ ಬರೀ ಕಲ್ಲಿತ್ತಲ್ಲ ಅಕ್ಕ?"

"ಅಪ್ಪ ಗೊಬ್ಬರ ಹಾಕಿ ಹಾಕಿ ಸರಿ ಮಾಡಿದ್ರು. ನೀನಿರಲಿಲ್ಲ," ಎಂದೆ.

ಅವನು ಪರದೆಯ ಮೇಲೆ ದಿಬ್ಬ ಇದ್ದ ಜಾಗವನ್ನು ಬೆರಳಿನಿಂದ ಮುಟ್ಟಿದ. "ಆ ವಯಸ್ಸಲ್ಲಿ ಅಷ್ಟು ಮೇಲೆ ಗೊಬ್ಬರ ಹೊತ್ತರಾ," ಎಂದ. ಕಣ್ಣು ಒದ್ದೆಯಾಗಿತ್ತು. ಅವನ ಹೆಂಡತಿ ಗೋಡೆಗೆ ಒರಗಿ ನಿಂತು ನಕ್ಷೆಯನ್ನಲ್ಲ, ನನ್ನನ್ನು ನೋಡುತ್ತಿದ್ದಳು. ಅವಳದ್ದು ಮೊದಲಿಂದಲೂ ಅದೇ ಚಾಳಿ, ಕಣ್ಣು ಎವೆಯಿಕ್ಕದೆ ನೋಡುವುದು.

ಮಾರ್ಚ್ ೨೩, ಭಾನುವಾರ

ಗಡಿಕಲ್ಲು ನೆಟ್ಟಾಯಿತು. ಸಹಿಗಳೂ ಆದವು. ನಡುಹೊಲ ನನಗೆ ಉಳಿಯಿತು. ನ್ಯಾಯವಾಗಿ ಯಾರದ್ದೋ ಅವರಿಗೇ ಸೇರಿತು ಎಂದು ಅಂದುಕೊಳ್ಳುತ್ತೇನೆ. ತಮ್ಮ ಸಹಿ ಮಾಡುವ ಮುಂಚೆ ಓದಲೂ ಇಲ್ಲ. "ಅಕ್ಕ ನೋಡಿದಾಳಲ್ಲ," ಎಂದನಂತೆ ಚಿಕ್ಕಪ್ಪನಿಗೆ. ವ್ಯವಹಾರದಲ್ಲಿ ಇಷ್ಟು ಉದಾಸೀನವಾದರೆ ಬದುಕುವುದು ಹೇಗೆ.

ದಿಬ್ಬದ ಬುಡದಲ್ಲಿ ಎರಡು ಕೋಣೆ ಕಟ್ಟಿಕೊಳ್ಳುತ್ತಾರಂತೆ. ಅಲ್ಲಿಯವರೆಗೆ ಇಲ್ಲೇ.

ಮೇ ೧೧, ಭಾನುವಾರ

ಬಹಳ ದಿನ ಬರೆಯಲಿಲ್ಲ. ಬಿತ್ತನೆಯ ಸಮಯ, ಮೈ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ.

ಬಿತ್ತನೆ ಯಂತ್ರಕ್ಕೆ ಅದೇ ನಕ್ಷೆ ಕೊಡಬಹುದು. ನೆಲದಲ್ಲಿ ಸಾರವಿದ್ದಲ್ಲಿ ಬೀಜ ದಟ್ಟವಾಗಿ, ಸೊರಗಿದಲ್ಲಿ ತೆಳುವಾಗಿ ತಾನಾಗಿಯೇ ಉದುರಿಸುತ್ತದೆ. ತಮ್ಮನಿಗೆ ಇದು ಗೊತ್ತಾದದ್ದೇ ತಡ, ಮಗು ಆಟಿಕೆ ಹಿಡಿದಂತೆ ಹಿಡಿದುಕೊಂಡಿದ್ದಾನೆ. ತಾನೇ ಟ್ರೈನರಮ್ಮನಿಗೆ ಫೋನ್ ಮಾಡಿ ಕೇಳಿ ಕಲಿತ. ದಿಬ್ಬಕ್ಕೆ ಮೆಕ್ಕೆಜೋಳ.

ನಾನು ನಕ್ಷೆ ಹಾಕಲಿಲ್ಲ. ಹೊಳೆಬದಿಗೂ ನಡುಹೊಲಕ್ಕೂ ಅಪ್ಪ ಬಿತ್ತುತ್ತಿದ್ದ ಅಳತೆಯನ್ನೇ ಇಟ್ಟು ಬಿತ್ತಿದೆ.

"ನೀನು ನಕ್ಷೆ ಬಳಸಲ್ವಾ?" ಎಂದು ಕೇಳಿದ.

"ನನಗೆ ಈ ನೆಲ ಗೊತ್ತು. ಗೊತ್ತಿಲ್ಲದವರಿಗೆ ನಕ್ಷೆ."

"ಅದೂ ಸರಿ," ಎಂದ. ಯಂತ್ರದ ಪೆಟ್ಟಿಗೆಗೆ ಬೀಜ ಸುರಿಯುತ್ತಾ, "ನನ್ನಂಥವರಿಗೆ ಅಂತಲೇ ನೀನು ಅಷ್ಟು ಕಷ್ಟಪಟ್ಟು ಮಾಡಿಟ್ಟೆ," ಎಂದ. ಚುಚ್ಚಿ ಹೇಳಿದನೋ ಎಂದು ಮುಖ ನೋಡಿದೆ. ಇಲ್ಲ. ಹಾಗೇ ಹೇಳಿದ.

ಜೂನ್ ೧೮, ಬುಧವಾರ

ದಿಬ್ಬದ ಕಡೆ ಹೋಗಿದ್ದೆ. ಪೈರು ಮೊಣಕಾಲಿಗೆ ಬಂದಿದೆ. ಆ ತೆಳು ಮಣ್ಣಿನಲ್ಲಿ ಇಷ್ಟು ಒತ್ತಾಗಿ ಎದ್ದ ಪೈರನ್ನು ನಾನು ಎಂದೂ ನೋಡಿಲ್ಲ. ಈಗ ಚೆಂದ ಕಾಣುತ್ತದೆ. ಬೇರು ಕೆಳಗಿಳಿದು ಕಲ್ಲು ಮುಟ್ಟಿದ ಮೇಲೆ ಒಂದರ ಬಾಯಿಂದ ಒಂದು ಕಿತ್ತುಕೊಳ್ಳಲು ಶುರುಮಾಡುತ್ತವೆ. ಸಾಲಿನಲ್ಲಿ ಒಂದು ಬಿಟ್ಟು ಒಂದನ್ನು ಕಿತ್ತರೆ ಇನ್ನೂ ಉಳಿಯಬಹುದು. ಅದನ್ನು ಹೇಳಲೆಂದೇ ಹೋಗಿದ್ದೆ.

ತಮ್ಮ ಹೊಸ ಕೋಣೆಯ ನೆರಳಲ್ಲಿ ಕೂತಿದ್ದ. ಕೈಯೆಲ್ಲ ಬೊಕ್ಕೆ. ನನ್ನನ್ನು ಕಂಡವನೇ ಎದ್ದು ಕುಡಿಯಲು ನೀರು ತಂದ.

"ನೋಡು ಅಕ್ಕ, ಹೇಗಿದೆ? ಅಪ್ಪ ಇದ್ದಿದ್ರೆ ಏನಂತಿದ್ರು?"

ಪೈರು ಕಿತ್ತುಹಾಕು ಎಂದರೆ ಯಾಕೆ ಎಂದು ಕೇಳುತ್ತಾನೆ. ನಕ್ಷೆ ಹಾಗೆ ಹೇಳುತ್ತದಲ್ಲ ಎನ್ನುತ್ತಾನೆ. ಆಮೇಲೆ ನಾನೇನು ಹೇಳುವುದು?

"ಚೆನ್ನಾಗಿದೆ," ಎಂದೆ. "ಬೇಲಿ ನೋಡ್ಕೊಂಡು ಹೋಗೋಣ ಅಂತ ಬಂದೆ."

ಅವನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. "ಬೇಲಿ ಆ ಕಡೆ ಅತ್ತಿಗೆ," ಎಂದಳು.

ಮಳೆ ಒಂದು ಚೆನ್ನಾಗಿ ಬಿದ್ದರೆ ಎಲ್ಲ ಸರಿಹೋಗುತ್ತದೆ. ಎಷ್ಟೋ ಸಲ ಹಾಗಾಗಿದೆ.

ಆಗಸ್ಟ್ ೯, ಶನಿವಾರ

ಮಳೆ ಬಂತು, ಆದರೆ ದಿಬ್ಬದಲ್ಲಿ ನಿಲ್ಲಲಿಲ್ಲ. ಇಳಿದು ನನ್ನ ನಡುಹೊಲಕ್ಕೆ ಬಂತು. ನನ್ನ ಪೈರು ತಲೆ ಮೀರಿ ನಿಂತಿದೆ.

ದಿಬ್ಬದ ಗರಿಗಳು ಮಧ್ಯಾಹ್ನದ ಹೊತ್ತಿಗೆ ಸುರುಳಿ ಸುತ್ತಿಕೊಳ್ಳುತ್ತಿವೆಯಂತೆ. ತಮ್ಮ ಓಡಿಬಂದು, "ನೀರು ಹಾಯಿಸ್ಲಾ? ಗೊಬ್ಬರ ಕೊಡ್ಲಾ? ನಾನೇನು ತಪ್ಪು ಮಾಡ್ತಿದೀನಿ ಹೇಳು," ಎಂದ. ಎರಡೂ ಮಾಡು ಎಂದೆ. ಅಷ್ಟು ಹೇಳಿದೆನಲ್ಲ.

ಸೆಪ್ಟೆಂಬರ್ ೨೧, ಭಾನುವಾರ

ದಿಬ್ಬದ ಕಟಾವು. ಹಾರ್ವೆಸ್ಟರ್ ನಾನೇ ಓಡಿಸಿದೆ, ಅವನಿಗೆ ಇನ್ನೂ ಸರಿಯಾಗಿ ಬರುವುದಿಲ್ಲ. ಪಕ್ಕದ ಸೀಟಿನಲ್ಲಿ ಕೂತಿದ್ದ. ಮುಂದಿನ ಪರದೆಯಲ್ಲಿ ಸಾಲಿಗೆ ಸಾಲು ಕೆಂಪು ಬೀಳುತ್ತಾ ಹೋಯಿತು. ಅವನು ಮೊದಮೊದಲು ಪರದೆ ನೋಡುತ್ತಿದ್ದವನು ಆಮೇಲೆ ಕಿಟಕಿಯಾಚೆ ನೋಡತೊಡಗಿದ.

ಇಳಿದು ಒಂದು ತೆನೆ ಸುಲಿದು ತೋರಿಸಿದ. "ಗಿಡ ನೋಡಿದ್ರೆ ಕಾಡು. ತೆನೆ ನೋಡಿದ್ರೆ ಹಲ್ಲಿಲ್ಲದ ಬಾಯಿ," ಎಂದು ನಕ್ಕ. ನಗುತ್ತಾ ನಗುತ್ತಾ ಅಲ್ಲೇ ಕೂತುಬಿಟ್ಟ. "ಅಪ್ಪನ ಕೈಯಲ್ಲಿ ಹಸಿರಾಗಿದ್ದ ನೆಲ ಅಕ್ಕ. ಒಂದೇ ವರ್ಷಕ್ಕೆ ಕೆಂಪು ಮಾಡಿದೆ."

ಇಂಜಿನ್ ಆಫ್ ಮಾಡದೆ ಮೇಲೇ ಕೂತಿದ್ದೆ. ಇಳಿದರೆ ಏನಾದರೂ ಹೇಳಬೇಕಾಗುತ್ತಿತ್ತು.

ಬೇಸಾಯ ಎಲ್ಲರಿಗೂ ಒಗ್ಗುವುದಿಲ್ಲ. ನಾನು ಮೊದಲೇ ಅಂದುಕೊಂಡಿದ್ದೆ.

ಅಕ್ಟೋಬರ್ ೫, ಭಾನುವಾರ

ತಮ್ಮ ಚಿಕ್ಕಪ್ಪನನ್ನೂ ಕರೆದುಕೊಂಡು ಬಂದಿದ್ದ. ಹೆಂಡತಿಯ ಅಣ್ಣನ ಅಂಗಡಿಯಲ್ಲಿ ಕೆಲಸವಿದೆಯಂತೆ, ಪೇಟೆಗೆ ವಾಪಸು ಹೋಗುತ್ತಾರಂತೆ. ದಿಬ್ಬವನ್ನು ನಾನೇ ನೋಡಿಕೊಳ್ಳಬೇಕಂತೆ.

"ಬೇರೆಯವರಿಗೆ ಕೊಡಲ್ಲ ನಾನು," ಎಂದ. "ಅಪ್ಪ ಅಷ್ಟು ಮಾಡಿಟ್ಟ ನೆಲ, ನಾನು ಹಾಳು ಮಾಡಿದೆ. ನೀನಾದ್ರೆ ಮತ್ತೆ ಸರಿ ಮಾಡ್ತೀಯ."

ಚಿಕ್ಕಪ್ಪ, "ಎಲ್ಲರ ಕೈಯೂ ಒಂದೇ ಥರ ಇರಲ್ಲ ಬಿಡಪ್ಪ," ಎಂದು ಅವನ ಬೆನ್ನು ತಟ್ಟಿದರು. ಒಪ್ಪಿಕೊಂಡೆ. ಒಪ್ಪದೆ ಏನು ಮಾಡುವುದು, ಅವನೇ ಬಂದು ಕೇಳಿದ ಮೇಲೆ.

ಅಕ್ಟೋಬರ್ ೧೯, ಭಾನುವಾರ

ಇವತ್ತು ಹೊರಟರು. ಸಾಮಾನು ಹೇರಿದ ಟೆಂಪೋ ಅಂಗಳದಲ್ಲಿ ನಿಂತಿತ್ತು. ತಮ್ಮ ಡ್ರೈವರ್ ಜೊತೆ ಹಗ್ಗ ಬಿಗಿಯುತ್ತಿದ್ದ. ಅವನ ಹೆಂಡತಿ ಕೀಲಿಕೈ ಕೊಡಲು ಒಳಗೆ ಬಂದಳು. ನಾನು ಅಪ್ಪನ ಕೋಣೆಯಲ್ಲಿದ್ದೆ.

ಕೀಲಿ ಮೇಜಿನ ಮೇಲಿಟ್ಟಳು. ಹೋಗಲಿಲ್ಲ.

"ನಾನು ಮದುವೆಯಾಗಿ ಬಂದ ಹೊಸತರಲ್ಲಿ ಮಾವ ನನ್ನನ್ನ ಇಡೀ ಜಮೀನು ಸುತ್ತಿಸಿದ್ರು ಅತ್ತಿಗೆ. ದಿಬ್ಬದ ಮೇಲೆ ನಿಂತು, 'ಇಲ್ಲಿ ನಾವು ಕಲ್ಲು ಬೆಳೀತೀವಿ ಮಗಳೇ, ಗೊಬ್ಬರ ಹಾಕಿದ್ರೂ ದಂಡ' ಅಂತ ನಕ್ಕಿದ್ರು. ಕಡೆಯ ಸಲ ನಾವು ಬಂದಾಗಲೂ ಅದನ್ನೇ ಹೇಳಿದ್ರು."

ನಾನು ಕೀಲಿ ಎತ್ತಿ ಡ್ರಾಯರಿಗೆ ಹಾಕಿದೆ.

"ಇವರಿಗೆ ಅದು ನೆನಪಿಲ್ಲ. ನಾನೂ ನೆನಪು ಮಾಡಿಲ್ಲ." ಅವಳ ದನಿ ಒಂದಿಷ್ಟೂ ಏರಲಿಲ್ಲ. "ತನ್ನ ಕೈಯೇ ಸರಿಯಿಲ್ಲ ಅಂತ ನಂಬ್ಕೊಂಡಿದಾರೆ. ಹಾಗೇ ಇರಲಿ ಅತ್ತಿಗೆ. ಬೇಸಾಯ ಬರಲಿಲ್ಲ ಅನ್ನೋ ನೋವು ಹೇಗೋ ಕಳೀತದೆ. ತನಗೆ ಅಕ್ಕನೇ ಇಲ್ಲ ಅಂತಾದ್ರೆ ಅವರು ತಡ್ಕೊಳ್ಳಲ್ಲ."

ಹೊರಗೆ ತಮ್ಮ ಕೂಗಿದ. ಅವಳು ಹೋದಳು. ಅವನು ಒಳಗೆ ಬಂದು ಕಾಲಿಗೆ ನಮಸ್ಕಾರ ಮಾಡಿದ, ಚಿಕ್ಕಂದಿನಲ್ಲಿ ಪರೀಕ್ಷೆಗೆ ಹೋಗುವಾಗ ಮಾಡುತ್ತಿದ್ದ ಹಾಗೆ. "ಊಟ ಬಿಡಬೇಡ, ಒಬ್ಬಳೇ ಅಂತ," ಎಂದ.

ಅವಳು ಹೀಗೆಲ್ಲ ಮಾತಾಡುವವಳೆಂದು ಗೊತ್ತಿರಲಿಲ್ಲ. ಮನೆಯ ವಿಷಯ ಅವಳಿಗೇನು ಗೊತ್ತು. ಅಪ್ಪ ತಮಾಷೆಗೆ ನೂರು ಹೇಳುತ್ತಿದ್ದರು.

ಅಕ್ಟೋಬರ್ ೨೨

ಒಬ್ಬಳಿಗೆ ಅಡುಗೆ ಮಾಡುವುದು ದೊಡ್ಡ ಬೇಜಾರಿನ ಕೆಲಸ. ಅಳತೆಯೇ ಸಿಗುವುದಿಲ್ಲ.

ನವೆಂಬರ್ ೨, ಭಾನುವಾರ

ಮುಂದಿನ ಬಿತ್ತನೆಗೆ ಈಗಲೇ ತಯಾರಿ ಮಾಡಿಕೊಳ್ಳಬೇಕು. ದಿಬ್ಬ ಈಗ ನನ್ನ ಕೈಯಲ್ಲಿದೆ, ಹಾಗಾಗಿ ಬೆಳಗ್ಗೆಯೇ ಕೂತು ಅದರ ಡೇಟಾ ಎಲ್ಲ ಹೊಸದಾಗಿ ಹಾಕಿದೆ. ಆಲಿಕಲ್ಲಿನ ವರ್ಷವನ್ನು ವಾಪಸು ಸೇರಿಸಿದೆ. ಲಾರಿ ಚೀಟಿಗಳನ್ನು ಇನ್ನೊಮ್ಮೆ ನೋಡಿ, ದಿಬ್ಬದ್ದಲ್ಲದ್ದನ್ನು ತೆಗೆದೆ. ಈ ವರ್ಷದ ಕಟಾವನ್ನೂ ಸೇರಿಸಿದೆ. ಹೊಳೆಬದಿಯ ಹಸಿರು ಚುಕ್ಕೆಗಳನ್ನೂ ಅವುಗಳ ಜಾಗಕ್ಕೆ ತಂದಿಟ್ಟೆ. ಕೆಲಸ ಸಲೀಸಾಗಿ ಆಯಿತು, ಈಗ ಕೈ ಪಳಗಿದೆ.

ಹೊಸ ನಕ್ಷೆಯಲ್ಲಿ ದಿಬ್ಬ ಬುಡದಿಂದ ನೆತ್ತಿಯವರೆಗೆ ಕೆಂಪಾಗಿದೆ. ಬೀಜ ತೀರಾ ತೆಳುವಾಗಿ ಬಿದ್ದರೆ ಸಾಕು ಎನ್ನುತ್ತದೆ ಸಾಫ್ಟ್‌ವೇರ್. ಅದೇನು ದೊಡ್ಡ ವಿಷಯ. ಅಷ್ಟು ನನಗೆ ಮೊದಲಿಂದ ಗೊತ್ತಿದ್ದದ್ದೇ.